ಸಾಕುನಾಯಿಗೆ ದಯಾಮರಣ: ನಿರ್ಧಾರ ಯಾವಾಗ, ಯಾರದ್ದು?

ಉಡುಪಿ: ಗುಣವಾಗದ ಕಾಯಿಲೆಗೆ ತುತ್ತಾದ ಸಾಕುನಾಯಿಯನ್ನು ಚುಚ್ಚುಮದ್ದು ನೀಡಿ ಸಾಯಿಸುವುದು ದಯೆಯೋ, ಹತ್ಯೆಯೋ? ಈ ಪ್ರಶ್ನೆ ಕರಾವಳಿಯ ಮನೆಗಳಿಗೆ ಒಂದರ್ಥದಲ್ಲಿ ಹೊಸತು. ಹಿಂದೆ ತೋಟದ ಮನೆಗಳಲ್ಲಿ ನಾಯಿ ಅಂಗಳದ ಪ್ರಾಣಿಯಾಗಿತ್ತು. ವಯಸ್ಸಾದ ಮೇಲೆ ಒಂದು ದಿನ ಕಾಣದಾಗುತ್ತಿತ್ತು. ಹುಲ್ಲುಕುತ್ತರಿಯ ಮರೆಯಲ್ಲೋ ತೋಡಿನ ಬದಿಯಲ್ಲೋ ಸತ್ತು ಬಿದ್ದಿರುವುದು ಎರಡು ದಿನ ಬಿಟ್ಟು ತಿಳಿಯುತ್ತಿತ್ತು. ಅಷ್ಟರಲ್ಲಿ ಮುಗಿಯುತ್ತಿತ್ತು. ಇಂದು ಲಸಿಕೆಯಿದೆ, ರಕ್ತಪರೀಕ್ಷೆಯಿದೆ, ಸ್ಕ್ಯಾನಿಂಗ್ ಇದೆ. ಡಿಸ್ಟೆಂಪರ್, ಪಾರ್ವೋ ರೋಗಗಳಿಂದ ಮರಿಯಾಗಿರುವಾಗಲೇ ಸಾಯಬಹುದಾಗಿದ್ದ ನಾಯಿ ಹನ್ನೆರಡು, ಹದಿಮೂರು ವರ್ಷ ಬದುಕುತ್ತದೆ. ಬದುಕಿದ ಕಾರಣಕ್ಕೇ ಕ್ಯಾನ್ಸರ್, ಮೂತ್ರಪಿಂಡ ವೈಫಲ್ಯ, ಹೃದ್ರೋಗ, ಸಂಧಿವಾತಗಳನ್ನೂ ಕಾಣುತ್ತದೆ. ಆಗ ಮನೆಯವರ ಮುಂದೆ ಬಂದು ನಿಲ್ಲುವುದು ಈ ನಿರ್ಧಾರ.

ಸಾಮಾನ್ಯವಾಗಿ ನಿರ್ಧಾರವಾಗುವುದು ತೀರಾ ತಡವಾಗಿ. ನಾಯಿಯ ಸ್ಥಿತಿ ವಾರಗಟ್ಟಲೆ ಹದಗೆಡುತ್ತಿದ್ದರೂ 'ಇನ್ನೂ ಎರಡು ದಿನ ನೋಡೋಣ' ಎಂಬ ಮಾತು ನಡೆಯುತ್ತದೆ. ಕೊನೆಗೆ ಮಳೆಗಾಲದ ಒಂದು ನಡುರಾತ್ರಿ ಉಸಿರಾಟಕ್ಕೆ ಒದ್ದಾಡುವ ಪ್ರಾಣಿಯನ್ನು ರಿಕ್ಷಾದಲ್ಲಿ ಹಾಕಿಕೊಂಡು ವೈದ್ಯರನ್ನು ಹುಡುಕುವ ಸ್ಥಿತಿ ಒದಗುತ್ತದೆ. ಕಾಪುವಿನಿಂದ ಉಡುಪಿಗೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಸಾಕು. ಆದರೆ ಕಾರ್ಕಳದ ಒಳಗಿನ ಹಳ್ಳಿಗಳಿಂದ ಆ ಹೊತ್ತಿನಲ್ಲಿ ಹೊರಟವರ ಪಾಡು ಬೇರೆ. ದಯಾಮರಣದ ಪ್ರಶ್ನೆಯನ್ನು ಹಗಲು ಹೊತ್ತಿನಲ್ಲಿ, ನಾಯಿ ಇನ್ನೂ ಮನೆಯವರ ಮುಖ ಗುರುತಿಸುವ ಸ್ಥಿತಿಯಲ್ಲಿರುವಾಗಲೇ ಚರ್ಚಿಸಬೇಕು ಎನ್ನುವುದು ಈ ಕಾರಣದಿಂದ.

ಕಾನೂನು ಏನನ್ನುತ್ತದೆ?

ಸಾಕುನಾಯಿಯ ದಯಾಮರಣಕ್ಕೆಂದೇ ಪ್ರತ್ಯೇಕ ಕಾಯ್ದೆ ಭಾರತದಲ್ಲಿಲ್ಲ. ಆದರೆ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ 13ನೇ ಕಲಮಿನಲ್ಲಿ ಇದರ ಮೂಲ ತತ್ವ ಅಡಗಿದೆ. ಮಾಲೀಕನಿಲ್ಲದಿರುವಾಗ ಅಥವಾ ಆತ ಒಪ್ಪದಿರುವಾಗ, ತೀವ್ರ ಗಾಯ ಅಥವಾ ರೋಗದಿಂದ ನರಳುವ ಪ್ರಾಣಿಯ ಬಗ್ಗೆ ಪೊಲೀಸ್ ಅಧಿಕಾರಿಯು ಪಶುವೈದ್ಯಾಧಿಕಾರಿಯನ್ನು ಕರೆಸಬಹುದು. ಬದುಕಿಸಿಡುವುದೇ ಕ್ರೌರ್ಯವೆಂದು ವೈದ್ಯರು ಪ್ರಮಾಣೀಕರಿಸಿದರೆ ಮ್ಯಾಜಿಸ್ಟ್ರೇಟರ ಆದೇಶ ಪಡೆದು ಅದರ ಜೀವ ತೆಗೆಯಬಹುದು ಎನ್ನುತ್ತದೆ ಈ ಕಲಂ. ಕೊಲ್ಲುವುದು ಮಾತ್ರವಲ್ಲ, ಜೀವಂತ ಇರಿಸುವುದೂ ಕ್ರೌರ್ಯವಾಗಬಹುದು ಎಂಬುದನ್ನು ಅರುವತ್ತು ವರ್ಷಗಳ ಹಿಂದೆಯೇ ಒಪ್ಪಿಕೊಂಡ ಕಾನೂನು ಇದು.

ಅದೇ ಕಾಯ್ದೆಯ 11ನೇ ಕಲಂ ಸ್ಟ್ರಿಕ್‌ನಿನ್ ವಿಷದ ಚುಚ್ಚುಮದ್ದು ಮೊದಲಾದ ಅನಗತ್ಯ ಕ್ರೌರ್ಯದ ವಿಧಾನಗಳಿಂದ ನಾಯಿಯನ್ನು ಕೊಲ್ಲುವುದನ್ನು ಅಪರಾಧವೆನ್ನುತ್ತದೆ. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆದುಬಿಡುವುದೂ ಅದೇ ಕಲಮಿನಡಿ ಅಪರಾಧ. ಕಾಯಿಲೆಯ ನಾಯಿಯನ್ನು ಮೀನು ಮಾರುಕಟ್ಟೆಯ ಹಿಂದೆಯೋ ಸಮುದ್ರ ತೀರದಲ್ಲೋ ಇಳಿಸಿ ಬರುವವರು ತಾವು ಕೊಲ್ಲಲಿಲ್ಲವೆಂದು ಸಮಾಧಾನಪಟ್ಟುಕೊಳ್ಳಬಹುದು. ಕಾನೂನಿನ ಕಣ್ಣಿನಲ್ಲೂ, ನಾಯಿಯ ಪಾಲಿಗೂ ಅದು ಕೊಲ್ಲುವುದಕ್ಕಿಂತ ಉತ್ತಮವೇನಲ್ಲ. ಮೊದಲ ಬಾರಿಯ ಅಪರಾಧಕ್ಕೆ 1960ರ ಕಾಯ್ದೆ ವಿಧಿಸಿದ ದಂಡ 10ರಿಂದ 50 ರೂಪಾಯಿ ಎಂಬುದು ಬೇರೆ ಮಾತು. ಆ ಮೊತ್ತಕ್ಕೆ ಇಂದು ಹೋಟೆಲಿನಲ್ಲಿ ಒಂದು ಮಸಾಲೆದೋಸೆ ಸಿಕ್ಕರೆ ಅದೃಷ್ಟ. ನೆರೆಮನೆಯ ನಾಯಿಗೆ ವಿಷವಿಕ್ಕಿ ಕೊಲ್ಲುವವರಿಗೆ ಮಾತ್ರ ಶಿಕ್ಷೆ ದೊಡ್ಡದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.

ಬೀದಿನಾಯಿಗಳ ವಿಷಯದಲ್ಲಿ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಇನ್ನಷ್ಟು ಸ್ಪಷ್ಟ. ಗುಣವಾಗದ ರೋಗ ಅಥವಾ ಮಾರಣಾಂತಿಕ ಗಾಯವಿದ್ದರೆ ಮಾತ್ರ, ಅರ್ಹ ಪಶುವೈದ್ಯರೇ, ನೋವಿಲ್ಲದ ವಿಧಾನದಿಂದ ಇದನ್ನು ಮಾಡಬೇಕು. ಇನ್ನೊಂದು ನಾಯಿಯ ಎದುರಿನಲ್ಲಿ ಮಾಡಕೂಡದು. ಸಾಕುನಾಯಿಗೂ ಇದೇ ಮರ್ಯಾದೆ ಸಲ್ಲಬೇಕೆಂದು ಯಾರಿಗೂ ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಔಷಧದಂಗಡಿಯಿಂದ ಏನನ್ನೋ ತಂದು ಮನೆಯಲ್ಲೇ 'ಮುಗಿಸುವ' ಯತ್ನವಂತೂ ಸಲ್ಲದು.

ಭೀಕರವಾಗಿ ಕಂಡದ್ದೆಲ್ಲ ಅಂತ್ಯವಲ್ಲ

ದಯಾಮರಣದ ಮಾತೆತ್ತುವ ಮುನ್ನ ರೋಗ ಯಾವುದೆಂದು ತಿಳಿದಿರಬೇಕು. ಕರಾವಳಿಯ ಮಳೆಗಾಲದಲ್ಲಿ ಗಾಯಕ್ಕೆ ನೊಣ ಕುಳಿತು ಹುಳು ಬೀಳುವುದು ಸಾಮಾನ್ಯ. ಮಾಂಸ ಕೊರೆದು ದುರ್ನಾತ ಬೀರುವ ಅಂತಹ ಗಾಯ ನೋಡಿದವರು ನಾಯಿ ಉಳಿಯದೆಂದೇ ಭಾವಿಸುತ್ತಾರೆ. ಹುಳು ತೆಗೆದು, ಗಾಯ ತೊಳೆದು, ಔಷಧ ಹಾಕಿದರೆ ಬಹುಪಾಲು ವಾಸಿಯಾಗುತ್ತದೆ. ಜನನಾಂಗದಲ್ಲಿ ಹೂಕೋಸಿನಂತೆ ಬೆಳೆದು ರಕ್ತ ಸುರಿಸುವ, ನಾಯಿಯಿಂದ ನಾಯಿಗೆ ಹರಡುವ ಗಡ್ಡೆಯೂ ಅಷ್ಟೆ. ಹೆಸರಿಗೆ ಕ್ಯಾನ್ಸರ್ ಆದರೂ ವಾರಕ್ಕೊಂದರಂತೆ ನಾಲ್ಕಾರು ಬಾರಿ ವಿನ್‌ಕ್ರಿಸ್ಟಿನ್ ಚುಚ್ಚುಮದ್ದು ನೀಡಿದರೆ ಸಾಮಾನ್ಯವಾಗಿ ಕರಗಿಹೋಗುತ್ತದೆ. ಹೆಣ್ಣುನಾಯಿಯ ಗರ್ಭಕೋಶದಲ್ಲಿ ಕೀವು ತುಂಬಿದಾಗ ಅದು ಸಾವಿನಂಚಿಗೆ ಹೋಗುತ್ತದೆ. ಸಕಾಲದಲ್ಲಿ ಶಸ್ತ್ರಚಿಕಿತ್ಸೆಯಾದರೆ ಮತ್ತೆ ಅಂಗಳದಲ್ಲಿ ಓಡಾಡುತ್ತದೆ. ಉಣ್ಣೆಯಿಂದ ಬರುವ ಜ್ವರದಲ್ಲಿ ಒಸಡು ಬಿಳುಚಿ, ಮೂಗಿನಿಂದ ರಕ್ತ ಬಂದರೂ ಬೇಗ ಗುರುತಿಸಿದರೆ ಔಷಧವಿದೆ. ಕುರುಡು, ಕಿವುಡು, ಮೂರೇ ಕಾಲು, ಬರೀ ಮುಪ್ಪು - ಇವು ಯಾವುವೂ ಸಾಯಿಸುವುದಕ್ಕೆ ಕಾರಣವಲ್ಲ. ನಾಯಿ ಲೋಕವನ್ನು ಅರಿಯುವುದು ಹೆಚ್ಚಾಗಿ ಮೂಗಿನಿಂದ. ಕಣ್ಣು ಹೋದರೂ ಮನೆಯ ಮೂಲೆ ಮೂಲೆ ಅದಕ್ಕೆ ಗೊತ್ತು.

ಓದು ಮುಗಿಸಿಯೋ ವರ್ಗವಾಗಿಯೋ ಮಣಿಪಾಲ ಬಿಟ್ಟು ಹೋಗುವವರು ಆರೋಗ್ಯವಂತ ನಾಯಿಯ ಬಗ್ಗೆ ಇಂತಹ ಕೋರಿಕೆ ಇಟ್ಟರೆ ಅದನ್ನು ದಯಾಮರಣ ಎನ್ನಲಾಗದು. ಅಲ್ಲಿ ದಯೆಯಿಲ್ಲ, ಅನುಕೂಲವಿದೆ. ಹೊಸ ಮನೆ ಹುಡುಕುವುದೇ ಅದಕ್ಕಿರುವ ದಾರಿ.

ಇನ್ನೊಂದು ಬದಿಯಲ್ಲಿ, ವೈದ್ಯಶಾಸ್ತ್ರ ಕೈಚೆಲ್ಲುವ ಸಂದರ್ಭಗಳೂ ಇವೆ. ಎಲುಬಿನ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದಾಗ, ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬುವುದು ಔಷಧಕ್ಕೂ ಬಗ್ಗದಾದಾಗ, ಅಪಸ್ಮಾರ ನಿಲ್ಲದೆ ಮರುಕಳಿಸಿದಾಗ, ಮೂತ್ರಪಿಂಡ ಕೊನೆಯ ಹಂತಕ್ಕೆ ಬಂದಾಗ ಹೆಚ್ಚೇನೂ ಮಾಡಲಾಗದು. ಮೂತ್ರಪಿಂಡದ ಕಾಯಿಲೆಯಂತೂ ಮೋಸದ್ದು. ಅದರ ಸಾಮರ್ಥ್ಯದ ಮುಕ್ಕಾಲು ಭಾಗ ನಷ್ಟವಾಗುವವರೆಗೆ ರಕ್ತದ ಕ್ರಿಯಾಟಿನಿನ್ ಪರೀಕ್ಷೆಯಲ್ಲಿ ಸುಳಿವು ಸಿಗದಿರಬಹುದು.

ರೇಬಿಸ್‌ನ ವಿಷಯ ಬೇರೆಯೇ. ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಚಿಕಿತ್ಸೆಯಿಲ್ಲ. ಇಲ್ಲಿ ಮನೆಯವರ ಮೊದಲ ಕೆಲಸ ನಾಯಿಯನ್ನು ಮುಟ್ಟದೆ ಕೂಡಿಹಾಕಿ, ಪಶುವೈದ್ಯರಿಗೆ ತಿಳಿಸಿ, ಕಚ್ಚಿಸಿಕೊಂಡವರು, ಜೊಲ್ಲು ತಗಲಿದವರೆಲ್ಲ ತಡಮಾಡದೆ ಆಸ್ಪತ್ರೆಗೆ ಹೋಗುವುದು. ಬೇರಾವ ರೋಗಕ್ಕೆ ದಯಾಮರಣ ಕೋರುವಾಗಲೂ, ನಾಯಿ ಕಳೆದ ಹತ್ತು ದಿನಗಳಲ್ಲಿ ಯಾರನ್ನಾದರೂ ಕಚ್ಚಿದ್ದರೆ ಅದನ್ನು ಮುಚ್ಚಿಡದೆ ಹೇಳಬೇಕು. ಕಚ್ಚಿದ ನಾಯಿಯನ್ನು ಹತ್ತು ದಿನ ನಿಗಾದಲ್ಲಿಡುವುದು ಕ್ರಮ. ಅಷ್ಟರೊಳಗೆ ಸತ್ತರೆ ರೋಗ ಖಚಿತವಾಗುವುದು ಮೆದುಳಿನ ಪರೀಕ್ಷೆಯಿಂದ.

ಗೋಡೆಯ ಕ್ಯಾಲೆಂಡರಿನ ಲೆಕ್ಕ

ನಾಯಿಗೆ ನೋವಿದೆಯೇ ಎಂದು ತಿಳಿಯುವುದು ಹೇಗೆ? ಕುಂಯ್‌ಗುಟ್ಟಿದರೆ ಮಾತ್ರ ನೋವು ಎಂದು ತಿಳಿದವರು ಹಲವರು. ವಾಸ್ತವದಲ್ಲಿ ನಾಯಿ ನೋವನ್ನು ಬಹಳ ಮಟ್ಟಿಗೆ ಮುಚ್ಚಿಡುವ ಪ್ರಾಣಿ. ಸುಮ್ಮನೆ ಮಲಗಿರುವಾಗಲೂ ಏದುಸಿರು ಬಿಡುವುದು, ರಾತ್ರಿಯಿಡೀ ಮಗ್ಗುಲು ಬದಲಿಸುವುದು, ಒಂದೇ ಜಾಗವನ್ನು ನೆಕ್ಕುತ್ತಿರುವುದು, ಚಾವಡಿಯ ಮೆಟ್ಟಿಲ ಬಳಿ ಬಂದು ನಿಂತುಬಿಡುವುದು, ಎಂದೂ ಗುರುಗುಟ್ಟದ್ದು ಮುಟ್ಟಿದಾಗ ಗುರುಗುಟ್ಟುವುದು - ಇವೆಲ್ಲ ನೋವಿನ ಭಾಷೆ. ಯಜಮಾನ ಬಂದಾಗ ಬಾಲ ಅಲ್ಲಾಡಿಸಿತೆಂದ ಮಾತ್ರಕ್ಕೆ ಅದು ಸುಖವಾಗಿದೆಯೆಂದಲ್ಲ. ಸಾಯುವ ದಿನವೂ ನಾಯಿ ಬಾಲ ಅಲ್ಲಾಡಿಸೀತು.

ಅಮೆರಿಕದ ಪಶು ಕ್ಯಾನ್ಸರ್ ತಜ್ಞೆ ಆಲಿಸ್ ವಿಲ್ಲಲೋಬೋಸ್ 2004ರಲ್ಲಿ ರೂಪಿಸಿದ ಒಂದು ಅಳತೆಗೋಲು ಇಂದು ಹಲವೆಡೆ ಬಳಕೆಯಲ್ಲಿದೆ. ನೋವು, ಹಸಿವು, ದೇಹದ ನೀರಿನಂಶ, ಶುಚಿತ್ವ, ಉಲ್ಲಾಸ, ನಡೆದಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು - ಈ ಏಳಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಸ್ಥಿತಿ ಚೆನ್ನಾಗಿದ್ದಷ್ಟೂ ಅಂಕ ಹೆಚ್ಚು. ಒಟ್ಟು 70ರಲ್ಲಿ 35ಕ್ಕಿಂತ ಮೇಲಿದ್ದರೆ ಆರೈಕೆ ಮುಂದುವರಿಸುವುದಕ್ಕೆ ಅರ್ಥವಿದೆ ಎಂದು ಲೆಕ್ಕ. ಉಸಿರಾಟದ ಕಷ್ಟವನ್ನೂ ಇಲ್ಲಿ ನೋವಿನ ಲೆಕ್ಕಕ್ಕೇ ಸೇರಿಸಲಾಗಿದೆ. ಉಸಿರಿಗಾಗಿ ಒದ್ದಾಡುವುದಕ್ಕಿಂತ ದೊಡ್ಡ ಯಾತನೆ ಬೇರಿಲ್ಲವಷ್ಟೆ.

ಅಂಕ ಹಾಕುವ ತಾಳ್ಮೆಯಿಲ್ಲದವರು ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು ಹಾಕಿದರೂ ಸಾಕು. ಉಂಡಿತು, ಎದ್ದು ಹೊರಗೆ ಹೋಯಿತು, ಮನೆಯವರ ಬಳಿ ಬಂದು ಕುಳಿತಿತು ಎಂದಾದರೆ ಒಳ್ಳೆಯ ದಿನ. ಇಲ್ಲವಾದರೆ ಕೆಟ್ಟ ದಿನ. ನೆನಪು ಮೋಸ ಮಾಡುತ್ತದೆ. ನಿನ್ನೆ ಒಂದು ತುಂಡು ಬಂಗುಡೆ ತಿಂದಿತೆಂಬ ಸಂತೋಷದಲ್ಲಿ ಹಿಂದಿನ ನಾಲ್ಕು ದಿನ ಏನೂ ತಿನ್ನಲಿಲ್ಲವೆಂಬುದು ಮರೆತುಹೋಗುತ್ತದೆ. ಕ್ಯಾಲೆಂಡರ್ ಮರೆಯುವುದಿಲ್ಲ.

ನೋವು ಕಡಿಮೆ ಮಾಡುವ ಉಪಾಯಗಳನ್ನು ಪ್ರಯತ್ನಿಸಿದ್ದೇವೆಯೇ ಎಂಬ ಪ್ರಶ್ನೆಯೂ ಮುಖ್ಯ. ಮಣಿಪಾಲದ ಕಸ್ತೂರಬಾ ಆಸ್ಪತ್ರೆಯಲ್ಲಿ ಮನುಷ್ಯರಿಗಾಗಿ ಉಪಶಾಮಕ ಚಿಕಿತ್ಸೆಯ ವಿಭಾಗವೇ ಇದೆ. ರೋಗ ಗುಣವಾಗದಿದ್ದರೂ ನೋವು ಶಮನವಾಗಬೇಕೆಂಬ ಅದರ ತತ್ವ ನಾಯಿಗೂ ಹೊಂದುತ್ತದೆ. ಪಶುವೈದ್ಯರು ತೂಕ ನೋಡಿ ನೀಡುವ ನೋವುನಿವಾರಕ, ಜಾರದಂತೆ ನೆಲಕ್ಕೆ ಗೋಣಿ, ಮೇಲೇಳಲಾಗದ ನಾಯಿಯನ್ನು ನಾಲ್ಕು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸುವುದು - ಇಷ್ಟರಿಂದಲೇ ಕೆಲವೊಮ್ಮೆ ತಿಂಗಳುಗಟ್ಟಲೆ ನೆಮ್ಮದಿ ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನೂ ಒಣಗದ ಈ ಜಿಲ್ಲೆಯಲ್ಲಿ ಒದ್ದೆ ನೆಲದ ಮೇಲೆ ಮಲಗಿದ ನಾಯಿಗೆ ಕೆಲವೇ ದಿನಗಳಲ್ಲಿ ಹುಣ್ಣಾಗುತ್ತದೆ. ಆದರೆ ಮನುಷ್ಯರ ಮಾತ್ರೆ ಅರ್ಧ ಮುರಿದು ಹಾಕುವ ಅಭ್ಯಾಸ ಅಪಾಯಕಾರಿ. ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತದೆ. ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ಯಕೃತ್ತಿಗೆ ಕುತ್ತು.

ಯಾರು ಹೇಳಬೇಕು?

ಅವಿಭಜಿತ ದಕ್ಷಿಣ ಕನ್ನಡದ ಮನೆಗಳ ಸ್ಥಿತಿ ಎಲ್ಲರಿಗೂ ಗೊತ್ತಿದ್ದದ್ದೇ. ಮಕ್ಕಳು ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ, ಕೊಲ್ಲಿಯಲ್ಲಿ. ಊರಿನ ಮನೆಯಲ್ಲಿ ವೃದ್ಧ ತಂದೆತಾಯಿ, ಜತೆಗೊಂದು ನಾಯಿ. ಅದನ್ನು ತಂದದ್ದು ಮಗನಾಗಿರಬಹುದು. ಗಂಜಿ ಹಾಕುವುದು, ಉಚ್ಚೆ ಒರೆಸುವುದು, ರಾತ್ರಿ ಎದ್ದು ನೋಡುವುದು ತಾಯಿ. ನಾಯಿ ಏಳಲಾಗದ ಸ್ಥಿತಿ ತಲಪಿದಾಗ ಮೂವತ್ತು ಕಿಲೋ ತೂಕದ ಅದನ್ನು ಎತ್ತಿ ಹೊರಗೊಯ್ಯಲು ಎಪ್ಪತ್ತು ದಾಟಿದ ಕೈಗಳಿಗೆ ಆಗುವುದಿಲ್ಲ. ವಿಡಿಯೋ ಕರೆಯಲ್ಲಿ ಮುಖ ನೋಡಿದ ಮಗ 'ನಾನು ಬರುವವರೆಗೆ ಏನೂ ಮಾಡಬೇಡಿ' ಎನ್ನುತ್ತಾನೆ. ಅವನ ದುಃಖವೂ ನಿಜವೇ. ಆದರೆ ಕಾಯುವ ಆ ಮೂರು ವಾರ ನರಳುವುದು ನಾಯಿ, ನೋಡುವುದು ತಾಯಿ.

ಹತ್ತಿರದವರು ಯಾರು ಎಂಬ ಈ ಪ್ರಶ್ನೆಯನ್ನು ದೇಶದ ಅತ್ಯುನ್ನತ ನ್ಯಾಯಾಲಯ ಮನುಷ್ಯರ ವಿಷಯದಲ್ಲಿ ಒಮ್ಮೆ ಎದುರಿಸಿದೆ. ಆ ಪ್ರಕರಣದ ಬೇರು ಕರಾವಳಿಯಲ್ಲೇ ಇದೆ. ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಗ 1973ರ ನವೆಂಬರ್ 27ರಂದು ಭೀಕರ ಹಲ್ಲೆಗೊಳಗಾದರು. ಮೆದುಳಿಗೆ ಆದ ಹಾನಿಯಿಂದ ಚೇತರಿಸಿಕೊಳ್ಳಲೇ ಇಲ್ಲ. ಅವರಿಗೆ ದಯಾಮರಣ ಕೋರಿ ಲೇಖಕಿ ಪಿಂಕಿ ವಿರಾನಿ ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರ ಮಾರ್ಚ್ 7ರಂದು ತಳ್ಳಿಹಾಕಿತು. ಅವರ ಪರವಾಗಿ ಮಾತನಾಡುವ ಹಕ್ಕು ಇರುವುದು ಹಗಲಿರುಳು ಉಣಿಸಿ, ಮೀಯಿಸಿ ನೋಡಿಕೊಂಡ ಕೆಇಎಂ ಸಿಬಂದಿಗೆ ಎಂದು ನ್ಯಾಯಾಲಯ ಹೇಳಿತು. ಆ ದಾದಿಯರು ಸಾವನ್ನು ಬೇಡಲಿಲ್ಲ. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ಸಹಜವಾಗಿ ತೀರಿಕೊಂಡರು. ಮನುಷ್ಯನ ಸಾವನ್ನೂ ನಾಯಿಯ ಸಾವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. 2018ರ ತೀರ್ಪಿನ ಬಳಿಕವೂ ಮನುಷ್ಯರಿಗೆ ಮಾರಕ ಚುಚ್ಚುಮದ್ದು ನೀಡಲು ಭಾರತದಲ್ಲಿ ಅವಕಾಶವಿಲ್ಲ. ಆದರೂ ಆರೈಕೆ ಮಾಡಿದವರ ಮಾತಿಗೆ ಮೊದಲ ಸ್ಥಾನ ಎಂಬ ಅಂಶವನ್ನು ಮನೆಯ ಚಾವಡಿಯಲ್ಲೂ ಪಾಲಿಸಬಹುದು. ಅವರು 'ಸಾಕು' ಎಂದರೆ ದೂರದಲ್ಲಿರುವವರು ಕೇಳಬೇಕು, 'ಇನ್ನೂ ನೋಡಿಕೊಳ್ಳುತ್ತೇನೆ' ಎಂದರೂ ಕೇಳಬೇಕು.

ಹಣದ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಡಯಾಲಿಸಿಸ್, ಕಿಮೋಥೆರಪಿ ಎಲ್ಲರ ಕೈಗೆಟಕುವುದಲ್ಲ. ಅದನ್ನು ವೈದ್ಯರಿಗೆ ನೇರವಾಗಿ ಹೇಳಿ, ಇರುವ ಶಕ್ತಿಯೊಳಗೆ ನೋವು ಕಡಿಮೆ ಮಾಡುವ ದಾರಿ ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ಸಬರಮತಿಯ ಕರು, ಕಾರ್ಕಳದ ನೋಟ

ಅಹಿಂಸೆಯನ್ನು ನಂಬಿದವರು ಇದನ್ನು ಒಪ್ಪಬಹುದೇ? 1928ರಲ್ಲಿ ಸಬರಮತಿ ಆಶ್ರಮದ ಕರುವೊಂದು ತೀವ್ರ ಗಾಯ, ಕಾಯಿಲೆಯಿಂದ ಬಿದ್ದಿತ್ತು. ಮಗ್ಗುಲು ಬದಲಿಸುವುದೂ ಅದಕ್ಕೆ ಹಿಂಸೆಯಾಗಿತ್ತು. ವೈದ್ಯರು ಆಸೆಯಿಲ್ಲವೆಂದರು. ಆಶ್ರಮದವರೊಂದಿಗೆ ಚರ್ಚಿಸಿದ ಗಾಂಧೀಜಿ ಚುಚ್ಚುಮದ್ದಿನಿಂದ ಅದರ ಯಾತನೆ ಕೊನೆಗಾಣಿಸಲು ತೀರ್ಮಾನಿಸಿದರು, ತಾವೂ ಅಲ್ಲಿದ್ದರು. ದೇಶದಾದ್ಯಂತ ಕೋಪದ ಪತ್ರಗಳು ಬಂದವು. ತಮ್ಮ ಸ್ವಾರ್ಥಕ್ಕಾಗಿ ಕೊಂದರೆ ಅದು ಹಿಂಸೆ, ಬೇರೆ ದಾರಿಯಿಲ್ಲದ ಜೀವಿಯ ಹಿತಕ್ಕಾಗಿಯೇ ಆದರೆ ಅಲ್ಲ ಎಂಬುದು ಅವರ ನಿಲುವಾಗಿತ್ತು.

ಟೀಕಿಸಿದವರಲ್ಲಿ ಜೈನರೂ ಇದ್ದರು. ಅವರ ವಾದವನ್ನು ಲಘುವಾಗಿ ಕಾಣುವಂತಿಲ್ಲ. 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಕಾರ್ಕಳದಲ್ಲಿ ಆ ವಾದ ಇಂದಿಗೂ ಜೀವಂತ. ಜೈನರಲ್ಲಿ ಸಲ್ಲೇಖನವಿದೆ ನಿಜ. ಆದರೆ ಅದು ವ್ಯಕ್ತಿ ತಾನೇ ಅರಿತು ಕೈಗೊಳ್ಳುವ ವ್ರತ. ನಾಯಿಯ ಪರವಾಗಿ ಇನ್ನೊಬ್ಬರು ಕೈಗೊಳ್ಳಲಾಗದು. ಆದ್ದರಿಂದ ಕೊನೆಯವರೆಗೆ ಪೋಷಿಸುವುದೇ ಧರ್ಮವೆಂದು ಅವರು ತಿಳಿಯುತ್ತಾರೆ. ಸ್ವರ್ಗದ ಬಾಗಿಲಲ್ಲೂ ಜತೆಗೆ ಬಂದ ನಾಯಿಯನ್ನು ಬಿಡಲೊಪ್ಪದ ಧರ್ಮರಾಯನ ಕಥೆ ಕೇಳಿ ಬೆಳೆದವರಿಗೂ ಇದೇ ಅನಿಸೀತು. ಚುಚ್ಚುಮದ್ದು ಬೇಡವೆಂದ ಮನೆಯನ್ನು ಕ್ರೂರವೆಂದು ಕರೆಯುವಂತಿಲ್ಲ, ನೋವು ಶಮನಕ್ಕೆ ಮಾಡಬೇಕಾದ್ದನ್ನು ಮಾಡುತ್ತಿದ್ದರೆ. ಅದನ್ನೂ ಮಾಡದೆ, ಕೊಟ್ಟಿಗೆಯ ಮೂಲೆಯಲ್ಲಿ ಕಟ್ಟಿಹಾಕಿ 'ದೇವರು ಕರೆದಾಗ ಹೋಗಲಿ' ಎನ್ನುವುದು ಮಾತ್ರ ಅಹಿಂಸೆಯಲ್ಲ.

ಆ ಹದಿನೈದು ನಿಮಿಷ

ತೀರ್ಮಾನವಾದ ಮೇಲೆ ನಡೆಯುವುದು ಹೀಗೆ. ಮೊದಲು ಮಂಪರು ಬರಿಸುವ ಔಷಧ. ನಾಯಿ ತೂಕಡಿಸಿ ಮಲಗಿದ ಬಳಿಕ ಮುಂಗಾಲಿನ ರಕ್ತನಾಳಕ್ಕೆ ಸೂಜಿ ಹಾಕಿ ಅರಿವಳಿಕೆ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ನೀಡಲಾಗುತ್ತದೆ. ವಿದೇಶಗಳಲ್ಲಿ ಪೆಂಟೊಬಾರ್ಬಿಟಾಲ್ ಬಳಕೆ ಹೆಚ್ಚು. ಇಲ್ಲಿ ಥಿಯೋಪೆಂಟೋನ್ ಸಾಮಾನ್ಯ. ಪ್ರಜ್ಞೆ ಪೂರ್ತಿ ಹೋದ ಮೇಲೆ ಹೃದಯ ನಿಲ್ಲಿಸಲು ಪೊಟಾಸಿಯಂ ಕ್ಲೋರೈಡ್ ಅಥವಾ ಮೆಗ್ನೀಸಿಯಂ ಸಲ್ಫೇಟ್ ನೀಡುವುದುಂಟು. ಎಚ್ಚರವಿರುವ ಪ್ರಾಣಿಗೆ ಇವನ್ನು ನೀಡುವುದು ಘೋರ ಹಿಂಸೆ. ಮೊದಲು ಅರಿವಳಿಕೆ ಕೊಡುತ್ತೀರಾ ಎಂದು ವೈದ್ಯರನ್ನು ಕೇಳುವ ಹಕ್ಕು ಮಾಲೀಕರಿಗಿದೆ, ಕೇಳಲೇಬೇಕು. ಹೃದಯಬಡಿತ ನಿಂತಿತೆಂದು ಸ್ಟೆತಸ್ಕೋಪ್ ಇಟ್ಟು ಖಚಿತಪಡಿಸುವವರೆಗೆ ವೈದ್ಯರು ಕದಲುವಂತಿಲ್ಲ.

ಕಣ್ಣು ತೆರೆದೇ ಇರುತ್ತದೆ. ಮೂತ್ರ ಹೋಗಬಹುದು. ಹೃದಯ ನಿಂತ ಮೇಲೂ ಒಂದೆರಡು ಬಾರಿ ಎದೆ ಉಬ್ಬಿ ಉಸಿರೆಳೆದಂತೆ ಕಾಣಬಹುದು, ಸ್ನಾಯು ಅದುರಬಹುದು. ಅದು ನೋವಲ್ಲ, ಜೀವ ಮರಳಿದ್ದೂ ಅಲ್ಲ. ಮೊದಲೇ ತಿಳಿದಿರದಿದ್ದರೆ ಈ ದೃಶ್ಯ ಬಹುಕಾಲ ಕಾಡುತ್ತದೆ. ಮನೆಯವರು ಬಳಿಯಲ್ಲಿರಬೇಕೆಂಬ ಕಡ್ಡಾಯವೇನಿಲ್ಲ. ಆದರೆ ಪರಿಚಿತ ಕೈಯೊಂದು ತಲೆಯ ಮೇಲಿದ್ದರೆ ನಾಯಿ ಶಾಂತವಾಗಿರುತ್ತದೆ. ಸಾಧ್ಯವಿದ್ದರೆ ವೈದ್ಯರನ್ನು ಮನೆಗೇ ಕರೆಸುವುದು ಒಳಿತು. ಮಕ್ಕಳಿಗೆ 'ನಿದ್ದೆ ಮಾಡಿಸಿದೆವು' ಎನ್ನಬಾರದು. ಪುಟ್ಟ ಮಕ್ಕಳು ನಿದ್ದೆಗೇ ಹೆದರತೊಡಗುತ್ತಾರೆ. ಸತ್ತಿತು ಎಂಬ ಮಾತನ್ನು ಅವರು ಹಿರಿಯರು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತಾರೆ.

ಹೂಳುವ ಜಾಗವನ್ನು ಹಿಂದಿನ ದಿನವೇ ನೋಡಿಟ್ಟುಕೊಳ್ಳಬೇಕಾಗುತ್ತದೆ. ಕಾಪುವಿನ ಕಡಲ ಬದಿಯ ಹೊಯಿಗೆಯಲ್ಲಿ ಮಳೆಗಾಲದಲ್ಲಿ ಸ್ವಲ್ಪ ಅಗೆದರೂ ನೀರು. ಕಾರ್ಕಳದಲ್ಲಿ ಪಾರೆ, ಮುರಕಲ್ಲು. ಮಣಿಪಾಲದ ಫ್ಲ್ಯಾಟಿನಲ್ಲಿರುವವರಿಗೆ ಹಿಡಿ ಮಣ್ಣೂ ಇಲ್ಲ. ಅವರು ಊರಿನ ನೆಂಟರ ತೋಟವನ್ನೋ ಸ್ಥಳೀಯಾಡಳಿತವನ್ನೋ ಮೊದಲೇ ಕೇಳಿಕೊಳ್ಳಬೇಕು. ಬಾವಿಯಿಂದ ದೂರದಲ್ಲಿ, ನಾಲ್ಕಡಿಗೂ ಹೆಚ್ಚು ಆಳದಲ್ಲಿ ಹೂಳಬೇಕು. ಬಾರ್ಬಿಟುರೇಟ್ ಔಷಧ ಶವದಲ್ಲಿ ಬಹುಕಾಲ ಉಳಿಯುತ್ತದೆ. ಕೆದಕಿ ತಿಂದ ನರಿ, ಹದ್ದು, ಬೇರೆ ನಾಯಿಗಳೂ ಸಾಯಬಹುದು. ಹೊಳೆಗೆ ಎಸೆಯುವ ಪರಿಪಾಠ ಇನ್ನೂ ಪೂರ್ತಿ ಹೋಗಿಲ್ಲ. ಬಜೆಯ ಅಣೆಕಟ್ಟಿನಿಂದ ಉಡುಪಿ ನಗರ ಕುಡಿಯುವುದು ಸ್ವರ್ಣೆಯ ನೀರನ್ನೇ ಎಂಬುದು ನೆನಪಿರಲಿ.

ಉಳಿದ ಮಾತ್ರೆಗಳನ್ನು ಬೇರೆ ನಾಯಿಗೆ ಕೊಡದೆ ವೈದ್ಯರಿಗೆ ಹಿಂದಿರುಗಿಸಬೇಕು. ನಾಯಿ ಸತ್ತದ್ದು ಪಾರ್ವೋದಿಂದಾಗಿದ್ದರೆ ಆ ವೈರಾಣು ಅಂಗಳದ ಮಣ್ಣಿನಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಹೊಸ ಮರಿ ತರುವವರು ಅದರ ಲಸಿಕೆಗಳು ಪೂರ್ತಿಯಾಗುವವರೆಗೆ ಅದನ್ನು ಆ ಅಂಗಳಕ್ಕೆ ಇಳಿಸುವಂತಿಲ್ಲ.